ಮಾತ್ರೆ ಬಂದ ಮೇಲೆ ಇಸ್ಪೀಟು ಬಂತು

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟ ಹೇಳಿಕೊಂಡಿವೆ. ‘ಇವರು ಮೊದಲು ಹೀಗಿರಲಿಲ್ಲ, ಈಗ ಯಾಕೆ ಹೀಗಾದರು?’ ಶಿವಮೊಗ್ಗದಲ್ಲಿ ನರರೋಗದ ಡಾಕ್ಟರಾಗಿ ಕೂತ ಇಪ್ಪತ್ತೆಂಟು ವರ್ಷದಲ್ಲಿ ನಾನು ಜಾಸ್ತಿ ಕೇಳಿದ ಪ್ರಶ್ನೆಯೂ ಇದೇ. ಹಾವೇರಿಯ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದನ್ನು ಚಿಕ್ಕದು ಮಾಡಲು ನನಗೆ ಮನಸ್ಸು ಬರಲಿಲ್ಲ.

ಪ್ರಶ್ನೆ: ನಮ್ಮ ಅಪ್ಪನಿಗೆ 64 ವರ್ಷ. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ನಾಲ್ಕು ವರ್ಷದ ಹಿಂದೆ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಯಿತು. ಮಾತ್ರೆಯಿಂದ ನಡುಕ ಕಡಿಮೆಯಾಗಿದೆ, ನಡಿಗೆಯೂ ಸುಧಾರಿಸಿದೆ. ಆದರೆ ಒಂದು ವರ್ಷದಿಂದ ಇಸ್ಪೀಟಿನ ಹುಚ್ಚು ಹಿಡಿದಿದೆ. ಜೀವಮಾನದಲ್ಲಿ ಒಂದು ಎಲೆ ಮುಟ್ಟದವರು ಈಗ ದಿನಾ ಸಂಜೆ ಹೋಗಿ ಕೂರುತ್ತಾರೆ. ಪಿಂಚಣಿ ದುಡ್ಡು ಹೋಯಿತು. ಅಮ್ಮನ ಎರಡು ಬಳೆ ಅಡ ಇಟ್ಟಿದ್ದಾರೆ. ರಾತ್ರಿ ಎದ್ದು ಬೆಲ್ಲದ ಡಬ್ಬಿ ಖಾಲಿ ಮಾಡುತ್ತಾರೆ. ಕೇಳಿದರೆ ಸುಳ್ಳು ಹೇಳುತ್ತಾರೆ. ಅಣ್ಣ ಅವರ ಜೊತೆ ಮಾತು ಬಿಟ್ಟಿದ್ದಾನೆ. ವಯಸ್ಸಾದ ಮೇಲೆ ಮನುಷ್ಯ ಹೀಗೂ ಕೆಡ್ತಾನಾ ಮೇಡಂ?
ಹೆಸರು ಬೇಡ, ಹಾವೇರಿ

ಉತ್ತರ: ನಿಮ್ಮ ಅಪ್ಪ ಕೆಟ್ಟಿಲ್ಲ. ಈ ಒಂದು ಸಾಲನ್ನು ನಿಮ್ಮ ಅಣ್ಣನಿಗೆ ಇವತ್ತೇ ಓದಿ ಹೇಳಿ. ಆಮೇಲೆ ಅಪ್ಪನ ಮಾತ್ರೆ ಚೀಟಿ ತೆಗೆದು ನೋಡಿ. ಅದರಲ್ಲಿ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಎನ್ನುವ ಹೆಸರು ಇರಬೇಕು ಎಂದು ನನ್ನ ಅನುಮಾನ. ಇದ್ದರೆ ಒಂದು ಹಾಳೆ ತಗೊಳ್ಳಿ. ಆ ಮಾತ್ರೆ ಯಾವ ತಿಂಗಳು ಶುರುವಾಯಿತು, ಡೋಸ್ ಯಾವಾಗ ಜಾಸ್ತಿಯಾಯಿತು ಎಂದು ಒಂದು ಕಡೆ ಬರೆಯಿರಿ. ಇಸ್ಪೀಟು ಮತ್ತು ಬೆಲ್ಲ ಯಾವಾಗ ಶುರುವಾದವು ಎಂದು ಇನ್ನೊಂದು ಕಡೆ ಬರೆಯಿರಿ. ಆ ಹಾಳೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಯಾಕೆ ಹೇಳುತ್ತಿದ್ದೇನೆ ಎಂದರೆ, ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇರುತ್ತದೆ. ಆ ಸಂದಿನಲ್ಲಿ ಸುದ್ದಿ ದಾಟಿಸುವುದು ಕೆಲವು ರಾಸಾಯನಿಕಗಳು. ಅವುಗಳಲ್ಲಿ ಒಂದು ಡೋಪಮೈನ್. ಅದನ್ನು ತಯಾರಿಸುವ ಕೋಶಗಳು ಬಹಳ ಕಡಿಮೆ, ಇಡೀ ಮೆದುಳಿನಲ್ಲಿ ಕೆಲವೇ ಲಕ್ಷ. ಹೆಚ್ಚಿನವು ನಡುಮೆದುಳಿನಲ್ಲಿ ಗುಂಪಾಗಿ ಕೂತಿವೆ. ಆ ಜಾಗವನ್ನು ಅಡ್ಡ ಕೊಯ್ದರೆ ಎರಡೂ ಬದಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ ಕಾಣುತ್ತದೆ. ಸಬ್‌ಸ್ಟಾನ್ಷಿಯಾ ನೈಗ್ರಾ, ಅಂದರೆ ಕಪ್ಪು ವಸ್ತು ಎಂದೇ ಅದರ ಹೆಸರು. ಪಾರ್ಕಿನ್ಸನ್ ಇದ್ದವರ ಮೆದುಳಿನಲ್ಲಿ ಈ ಗೆರೆ ಮಾಸಿರುತ್ತದೆ. ನಾನು ಓದುವಾಗ ಎರಡು ಚೂರುಗಳನ್ನು ಒಂದೇ ತಟ್ಟೆಯಲ್ಲಿ ಇಟ್ಟು ತೋರಿಸಿದ್ದರು. ಒಂದರಲ್ಲಿ ಕಾಡಿಗೆ. ಇನ್ನೊಂದರಲ್ಲಿ ಕಾಡಿಗೆ ಒರೆಸಿದ ಗುರುತು. ಅದು ಇವತ್ತಿಗೂ ಕಣ್ಣ ಮುಂದೆ ಇದೆ.

ಈಗ ನಿಮ್ಮ ಅಪ್ಪನ ವಿಷಯಕ್ಕೆ ಬರುತ್ತೇನೆ. ಡೋಪಮೈನ್ ಒಂದೇ, ಆದರೆ ಅದು ಹರಿಯುವ ದಾರಿಗಳು ಬೇರೆ ಬೇರೆ. ಒಂದು ದಾರಿ ಕೈಕಾಲಿನ ಚಲನೆ ನೋಡಿಕೊಳ್ಳುವ ಭಾಗಕ್ಕೆ ಹೋಗುತ್ತದೆ. ಇನ್ನೊಂದು ‘ಬೇಕು, ಈಗಲೇ ಬೇಕು’ ಅನ್ನಿಸುವ ಭಾಗಕ್ಕೆ ಹೋಗುತ್ತದೆ. ಮತ್ತೊಂದು ಸಣ್ಣ ದಾರಿ ಇದೆ, ಅಲ್ಲಿ ಇದೇ ಡೋಪಮೈನ್ ಎದೆಹಾಲಿನ ಹಾರ್ಮೋನನ್ನು ಹತೋಟಿಯಲ್ಲಿ ಇಡುತ್ತದೆ. ಪಾರ್ಕಿನ್ಸನ್ ಬಂದಾಗ ಮೊದಲು ಒಣಗುವುದು ಚಲನೆಯ ದಾರಿ. ‘ಬೇಕು’ ಎನ್ನುವ ದಾರಿಯಲ್ಲಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಗದ್ದೆ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಕಾಲುವೆ ಒಣಗಿತು ಎಂದು ಕೆರೆಯ ತೂಬು ಎತ್ತುತ್ತೀರಿ. ನೀರು ಒಣಗಿದ ಕಾಲುವೆಗೂ ಹೋಗುತ್ತದೆ, ತುಂಬಿದ ಕಾಲುವೆಗೂ ಹೋಗುತ್ತದೆ. ಅಲ್ಲಿ ಬದು ಒಡೆಯುತ್ತದೆ.

ನಾನು ಹೆಸರಿಸಿದ ಎರಡು ಮಾತ್ರೆಗಳು ಡೋಪಮೈನ್‌ನ ವೇಷ ಹಾಕಿ ಕೆಲಸ ಮಾಡುತ್ತವೆ. ನರಕೋಶದ ಮೇಲೆ ಇಂಥ ರಾಸಾಯನಿಕಗಳು ಕೀಲಿಯ ಹಾಗೆ ಕೂರುವ ಜಾಗಗಳಿವೆ, ಬೀಗ ಅನ್ನೋಣ. ಅವು ಆ ಎರಡನೆಯ ದಾರಿಯಲ್ಲಿರುವ ಒಂದು ಬಗೆಯ ಬೀಗಕ್ಕೆ ಜಾಸ್ತಿ ಬಲವಾಗಿ ಕೂರುತ್ತವೆ. ಹಾಗಾಗಿ ಕೆಲವರಿಗೆ ಜೂಜು. ಕೆಲವರಿಗೆ ಸಾಮಾನು ಕೊಳ್ಳುವ ಹುಚ್ಚು. ಕೆಲವರಿಗೆ ಸಿಹಿ ತಿನ್ನುವ ಆಸೆ, ಕೆಲವರಿಗೆ ಕಾಮದ ಆಸೆ ಮಿತಿ ಮೀರುವುದು. ಕೆಲವರು ರೇಡಿಯೋ ಬಿಚ್ಚುತ್ತಾರೆ, ಜೋಡಿಸುತ್ತಾರೆ, ಮತ್ತೆ ಬಿಚ್ಚುತ್ತಾರೆ, ಬೆಳಗಿನವರೆಗೂ. ಅಮೆರಿಕ ಮತ್ತು ಕೆನಡಾದಲ್ಲಿ 3,000ಕ್ಕೂ ಹೆಚ್ಚು ಪಾರ್ಕಿನ್ಸನ್ ರೋಗಿಗಳನ್ನು ನೋಡಿ 2010ರಲ್ಲಿ ಒಂದು ವರದಿ ಬಂತು. ಇಂಥ ಮಾತ್ರೆ ತಗೊಳ್ಳುವವರಲ್ಲಿ 100ಕ್ಕೆ ಸುಮಾರು 17 ಜನರಿಗೆ, ತಗೊಳ್ಳದವರಲ್ಲಿ ಸುಮಾರು 7 ಜನರಿಗೆ ಈ ತೊಂದರೆ ಇತ್ತು. ಅಂದರೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಆರಾಮಾಗಿ ತಗೊಳ್ಳುತ್ತಾರೆ. ಮಾತ್ರೆ ಕೆಟ್ಟದ್ದಲ್ಲ. ಆದರೆ ಬರೆಯುವ ಪ್ರತಿ ಸಲ ಮನೆಯವರನ್ನು ಕೂರಿಸಿಕೊಂಡು ಈ ಮಾತು ಹೇಳಬೇಕು. ಹೊರಗೆ ಜನ ಕಾದಿರುತ್ತಾರೆ, ಹೇಳುವುದು ಬಿಟ್ಟುಹೋಗುತ್ತದೆ. ಇದು ನಮ್ಮ ಡಾಕ್ಟರುಗಳ ಕಡೆಯ ತಪ್ಪು. ನನಗೆ ಇದರ ಬಗ್ಗೆ ತುಂಬಾ ಬೇಸರವಿದೆ.

ಸುಳ್ಳು ಹೇಳುತ್ತಾರೆ ಅಂದಿರಿ. ನನ್ನ ಮುಂದೆ ಕೂತು ಅತ್ತ ಇಂಥ ಹಿರಿಯರನ್ನು ನೋಡಿದ್ದೇನೆ. ‘ಕಾಲು ತಾನಾಗಿ ಹೋಗ್ತದೆ ಡಾಕ್ಟ್ರೇ, ವಾಪಸ್ ಬರುವಾಗ ಸಾಯಬೇಕು ಅನ್ಸುತ್ತೆ’ ಎಂದರು ಒಬ್ಬರು. ತಪ್ಪು ಅಂತ ಅವರಿಗೆ ಗೊತ್ತು. ತಡೆಯಲು ಆಗುವುದಿಲ್ಲ. ನಾಚಿಕೆಗೆ ಸುಳ್ಳು ಹೇಳುತ್ತಾರೆ. ಇನ್ನು ಮುಂದೆ ‘ಯಾಕೆ ಹೋದಿರಿ’ ಎಂದು ಕೇಳಬೇಡಿ. ‘ಇದು ಮಾತ್ರೆಯಿಂದ ಇರಬಹುದಂತೆ ಅಪ್ಪ’ ಎಂದು ಹೇಳಿ ನೋಡಿ.

ಒಂದು ಎಚ್ಚರಿಕೆ. ಕೋಪದಲ್ಲಿ ಮಾತ್ರೆ ಕಸಿದುಕೊಂಡು ಒಂದೇ ದಿನ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಮೈ ಸೆಡೆತು ಹಾಸಿಗೆ ಹಿಡಿಯಬಹುದು. ಗಾಬರಿ, ನೋವು, ಬೆವರು, ತೀರಾ ಬೇಸರ ಬರಬಹುದು. ಡಾಕ್ಟರು ಇದನ್ನು ನಿಧಾನವಾಗಿ ಇಳಿಸುತ್ತಾರೆ, ಬದಲಿಗೆ ಮೆದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಲೆವೊಡೋಪ ಮಾತ್ರೆ ಹೊಂದಿಸುತ್ತಾರೆ. ಎಷ್ಟೋ ಜನರಲ್ಲಿ ಕೆಲವು ವಾರ ಅಥವಾ ತಿಂಗಳಲ್ಲಿ ಹುಚ್ಚು ಇಳಿಯುತ್ತದೆ. ಅಲ್ಲಿಯವರೆಗೆ ಬ್ಯಾಂಕಿನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಅಮ್ಮನ ಉಳಿದ ಒಡವೆ ನಿಮ್ಮ ಹತ್ತಿರ ಇರಲಿ. ಅಪ್ಪನಿಗೆ ಹೇಳಿಯೇ ಇಟ್ಟುಕೊಳ್ಳಿ, ಕದ್ದು ಇಡಬೇಡಿ.

ಡೋಪಮೈನ್ ಇಷ್ಟೆಲ್ಲ ಮಾಡುತ್ತದೆ ಎಂದು ತಿಳಿದದ್ದರ ಹಿಂದೆ ನಮ್ಮ ಕಾಡಿನ ಒಂದು ಬೇರಿದೆ. ಸರ್ಪಗಂಧಿ ಗೊತ್ತಲ್ವಾ, ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಗಿಡ. ಅದರ ಬೇರು ಬಿಪಿಗೂ ಬುದ್ಧಿ ಕೆಟ್ಟವರಿಗೂ ಆಗುತ್ತದೆ ಎಂದು 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಆ ಬೇರಿನಿಂದ ರಿಸರ್ಪಿನ್ ತೆಗೆದರು. ಅದನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಚುಚ್ಚಿದರು. ಮೊಲಗಳು ಕಿವಿ ಜೋಲು ಬಿಟ್ಟು ಕಲ್ಲಿನ ಹಾಗೆ ಬಿದ್ದುಕೊಂಡವು. ರಿಸರ್ಪಿನ್ ಅವುಗಳ ಮೆದುಳಿನ ಡೋಪಮೈನ್ ದಾಸ್ತಾನನ್ನು ಬರಿದು ಮಾಡಿತ್ತು. ಆಮೇಲೆ ಡೋಪಮೈನ್ ಆಗಿ ಮಾರ್ಪಡುವ ಡೋಪ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಕಿವಿ ನಿಮಿರಿಸಿ ಎದ್ದು ಓಡಾಡಿದವು. ಅದು ಪ್ರಕಟವಾದದ್ದು 1957ರಲ್ಲಿ. ಇವತ್ತಿಗೂ ಪಾರ್ಕಿನ್ಸನ್ ಇದ್ದವರು ನುಂಗುವ ಮುಖ್ಯ ಮಾತ್ರೆ ಆ ಡೋಪದ ಒಂದು ರೂಪವಾದ ಲೆವೊಡೋಪವೇ. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

ನಸುಗುನ್ನಿ ಬೀಜದಲ್ಲಿ ಲೆವೊಡೋಪ ಇದೆ ಎಂದು 1937ರಲ್ಲೇ ಮದ್ರಾಸಿನ ವಿಜ್ಞಾನಿಗಳು ತೆಗೆದು ತೋರಿಸಿದ್ದರು. ಮುಟ್ಟಿದರೆ ಮೈಯೆಲ್ಲ ತುರಿಸುವ ಅದೇ ಕಾಯಿ. ಹಾಗಂತ ಪುಡಿ ಮಾಡಿ ಕುಡಿಸಬೇಡಿ. ಒಂದು ಚಮಚದಲ್ಲಿ ಎಷ್ಟು ಇದೆ ಎಂದು ಅಳೆಯಲು ಮನೆಯಲ್ಲಿ ಆಗುವುದಿಲ್ಲ, ಮಾತ್ರೆಯ ಜೊತೆ ಸೇರಿ ಜಾಸ್ತಿಯಾಗುತ್ತದೆ.

ನಮ್ಮ ಅಪ್ಪನಿಗೂ ಇದೇ ಕಾಯಿಲೆ ಇತ್ತು. ತೀರ್ಥಹಳ್ಳಿ ಕಡೆ ನಮ್ಮ ಮನೆ. ತೋಟದ ಲೆಕ್ಕವನ್ನು ಅವರು ಕೆಂಪು ಬಟ್ಟೆ ಕಟ್ಟಿನ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು. ಅಕ್ಷರ ಗುಂಡಗೆ. ಒಂದು ವರ್ಷ ನೋಡಿದರೆ ಸಾಲಿನ ಶುರುವಿನಲ್ಲಿ ಇದ್ದ ಅಕ್ಷರ ಕೊನೆಗೆ ಹೋಗುವಾಗ ಎಳ್ಳಿನಷ್ಟಾಗಿತ್ತು. ಹಲಸಿನ ಹಣ್ಣು ಕೊಯ್ದರೂ ವಾಸನೆಯೇ ಇಲ್ಲ ಅನ್ನುತ್ತಿದ್ದರು. ಮುಖದಲ್ಲಿ ನಗು ಹೋಯಿತು. ನೆಂಟರು ಬಂದಾಗ ಮುಖ ಗಂಟು ಹಾಕಿಕೊಂಡು ಕೂರ್ತಾರೆ ಅಂತ ಅಮ್ಮ ಬೈದರು. ಅಡಿಕೆ ಸುಲಿಯಲು ನಿಧಾನ, ಸೋಮಾರಿತನ ಅಂತ ಚಿಕ್ಕಪ್ಪ ಅಂದರು. ನಾನಾಗ ಮೆಡಿಕಲ್ ಓದುತ್ತಿದ್ದೆ, ನಾನೂ ಅಂದಿದ್ದೆ. ಅಕ್ಷರ ಚಿಕ್ಕದಾಗುವುದು, ವಾಸನೆ ಹೋಗುವುದು, ಮುಖ ಮರಗಟ್ಟುವುದು ಎಲ್ಲವೂ ಆ ಕಾಯಿಲೆಯ ಗುರುತುಗಳು. ಪುಸ್ತಕದಲ್ಲಿ ಓದಿದ್ದೆ, ಮನೆಯಲ್ಲಿ ಕಾಣಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹೊಸ್ತಿಲ ಹತ್ತಿರ ಬಂದರೆ ಅಪ್ಪನ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಮುಂದೆ ಹೋಗಬೇಕು ಅಂತ ಮೈ ವಾಲುತ್ತದೆ, ಕಾಲು ಏಳುವುದಿಲ್ಲ. ಒಂದು ಬೆಳಿಗ್ಗೆ ಅಮ್ಮ ರಂಗೋಲಿ ಹಾಕುತ್ತಿದ್ದರು. ಹೊಸ್ತಿಲ ಮುಂದೆ ಅಡ್ಡಡ್ಡ ಎಳೆ ಎಳೆದಿದ್ದರು. ಅಪ್ಪ ಬಂದು ನಿಂತರು, ಎಳೆ ನೋಡಿದರು. ರಂಗೋಲಿ ತುಳಿಯಬಾರದು ಅಂತ ಕಾಲು ಎತ್ತಿ ದಾಟಿದರು. ಮತ್ತೊಂದು ಎಳೆ, ಅದನ್ನೂ ದಾಟಿದರು. ಅಂಗಳಕ್ಕೆ ಇಳಿದು ಹಿಂದೆ ತಿರುಗಿ ನೋಡಿದರು. ಅಮ್ಮ ರಂಗೋಲಿ ಬಟ್ಟಲು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು. ಯೋಚಿಸದೆ ನಡೆಯುವ ದಾರಿ ಕೆಟ್ಟಿರುತ್ತದೆ. ಗೆರೆ ಕಂಡಾಗ ಮೆದುಳು ಕಣ್ಣಿನ ಸಹಾಯ ತಗೊಂಡು, ಬೇಕೆಂದೇ ಹೆಜ್ಜೆ ಇಡುವ ಇನ್ನೊಂದು ದಾರಿ ಹಿಡಿಯುತ್ತದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಬಚ್ಚಲಿನವರೆಗೂ ಬಿಳಿ ಪೇಂಟಿನ ಗೆರೆ, ಒಂದೊಂದು ಹೆಜ್ಜೆಗೆ ಒಂದು. ನಿಮ್ಮ ಅಪ್ಪನಿಗೂ ಮುಂದೆ ಬಾಗಿಲಲ್ಲಿ ಕಾಲು ಅಂಟಿಕೊಂಡರೆ ಎಳೆಯಬೇಡಿ, ದೂಡಬೇಡಿ. ಮುಂದೆ ಒಂದು ಗೆರೆ ಇಡಿ.

ಪ್ರಶ್ನೆ: ಮೂವತ್ತು ವರ್ಷದಿಂದ ಕವಳ ಹಾಕುತ್ತೇನೆ. ತಂಬಾಕು ಹಾಕುವುದಿಲ್ಲ, ಬರೀ ಎಲೆ, ಅಡಿಕೆ, ಸುಣ್ಣ. ಬಿಡೋಣ ಅಂದರೆ ಎರಡು ದಿನಕ್ಕೆ ತಲೆ ಕೆಡುತ್ತದೆ, ಹೆಂಡತಿ ಮಕ್ಕಳ ಮೇಲೆ ರೇಗುತ್ತೇನೆ. ಅಡಿಕೆಗೂ ಮೆದುಳಿಗೂ ಏನಾದರೂ ಸಂಬಂಧ ಇದೆಯಾ?
ಒಬ್ಬ ಬೆಳೆಗಾರ, ಸಿರಸಿ ತಾಲೂಕು

ಉತ್ತರ: ಇದೆ. ಅದು ನಿಮಗೆ ಚಿಕ್ಕಂದಿನಲ್ಲೇ ಗೊತ್ತಾಗಿರುತ್ತದೆ. ಹಸಿ ಅಡಿಕೆ ಅಗಿದು ಮೊದಲ ಸಲ ಸೊಕ್ಕಿದ್ದು ನೆನಪಿದೆಯಾ? ಕಿವಿ ಬಿಸಿಯಾಗಿ, ಹಣೆ ಬೆವತು, ಬಾಯಲ್ಲಿ ನೀರು ತುಂಬಿ, ಕಣ್ಣು ಕತ್ತಲೆ ಬಂದ ಹಾಗೆ. ನಾನು ಎಂಟು ವರ್ಷದವಳಿದ್ದಾಗ ಅಡಿಕೆ ರಾಶಿಯ ಪಕ್ಕದಲ್ಲೇ ಸೊಕ್ಕಿ ಮಲಗಿದ್ದೆ, ಅಜ್ಜಿ ಗಾಳಿ ಹಾಕಿದ್ದರು.

ಅಡಿಕೆಯಲ್ಲಿ ಅರೆಕೋಲಿನ್ ಎನ್ನುವ ವಸ್ತು ಇದೆ. ಅದು ನಮ್ಮ ನರಗಳ ಇನ್ನೊಂದು ದೂತ ಅಸಿಟೈಲ್‌ಕೋಲಿನ್‌ನ ಬೀಗಕ್ಕೆ ಸರಿಯಾಗಿ ಕೂರುತ್ತದೆ. ಬೆವರು, ಜೊಲ್ಲು ಎರಡಕ್ಕೂ ಆಜ್ಞೆ ಕೊಡುವುದು ಅಸಿಟೈಲ್‌ಕೋಲಿನ್ನೇ. ನರಗಳು ರಾಸಾಯನಿಕದಿಂದ ಮಾತಾಡುತ್ತವೆ ಎಂದು ಮೊದಲು ಗೊತ್ತಾದದ್ದೂ ಇದರಿಂದಲೇ. ಆಸ್ಟ್ರಿಯಾದ ಗ್ರಾಜ್ ಊರಿನ ಆಟೋ ಲೋವಿ ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿ ಮಿಡಿಯುವ ಹಾಗೆ ಇಟ್ಟರು. ಒಂದರ ನರವನ್ನು ಕೆಣಕಿದಾಗ ಮಿಡಿತ ನಿಧಾನವಾಯಿತು. ಅದರ ನೀರನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು, ಯಾವ ನರವನ್ನೂ ಮುಟ್ಟದೆ. ಈ ಪ್ರಯೋಗ ತಮಗೆ ಕನಸಿನಲ್ಲಿ ಹೊಳೆಯಿತು ಎಂದು ಲೋವಿ ಹೇಳುತ್ತಿದ್ದರು. ಮೊದಲ ರಾತ್ರಿ ಎದ್ದು ಬರೆದಿಟ್ಟದ್ದು ಬೆಳಿಗ್ಗೆ ಓದಲು ಬರಲಿಲ್ಲವಂತೆ. ಮರುದಿನ ರಾತ್ರಿ ಮತ್ತೆ ಹೊಳೆದಾಗ ನೇರ ಪ್ರಯೋಗಶಾಲೆಗೆ ಹೋದರಂತೆ. 1921ರಲ್ಲಿ ಪ್ರಕಟಿಸಿದರು, 1936ರಲ್ಲಿ ನೊಬೆಲ್ ಬಂತು.

ನಿಮ್ಮ ಕವಳದಲ್ಲಿ ಸುಣ್ಣಕ್ಕೂ ಕೆಲಸ ಇದೆ. ಸುಣ್ಣ ತಾಗಿದಾಗ ಅರೆಕೋಲಿನ್‌ನ ಒಂದು ಪಾಲು ಅರೆಕೈಡಿನ್ ಆಗುತ್ತದೆ. ಇದು ಗಾಬಾ ಎನ್ನುವ ಮೂರನೆಯ ದೂತನನ್ನು ಸಂದಿನಿಂದ ಬೇಗ ಹೊರಗೆ ಹೋಗಲು ಬಿಡುವುದಿಲ್ಲ. ಗಾಬಾದ ಕೆಲಸ ನರಗಳನ್ನು ತಣ್ಣಗೆ ಮಾಡುವುದು. ಹಾಗಾಗಿ ಕವಳ ಹಾಕಿದವರಿಗೆ ಎಚ್ಚರವೂ ಇರುತ್ತದೆ, ಮನಸ್ಸು ಹಗುರವೂ ಆಗುತ್ತದೆ. ಮೂವತ್ತು ವರ್ಷ ದಿನಾ ಸಿಕ್ಕಿದ್ದು ಸಿಗದಿದ್ದರೆ ಮೆದುಳು ಕೇಳುತ್ತದೆ. ಆ ರೇಗಾಟ ಅದರದ್ದು.

ನಾನೂ ಅಡಿಕೆ ದುಡ್ಡಿನಲ್ಲಿ ಓದಿದವಳು, ಈ ಮಾತು ಬರೆಯಲು ಕಷ್ಟವಾಗುತ್ತದೆ. ಆದರೂ ಹೇಳಲೇಬೇಕು. ತಂಬಾಕು ಇಲ್ಲದಿದ್ದರೂ ಬರೀ ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಪ್ರಕಟಿಸಿದೆ. ಈಗಲೇ ಕನ್ನಡಿ ಮುಂದೆ ನಿಂತು ಬಾಯಿ ಅಗಲ ಮಾಡಿ. ನಿಮ್ಮದೇ ಮೂರು ಬೆರಳು ನಿಲ್ಲಿಸಿ ಹಲ್ಲುಗಳ ನಡುವೆ ತೂರುತ್ತವಾ ನೋಡಿ. ತೂರದಿದ್ದರೆ, ಅಥವಾ ಖಾರ ತಿಂದಾಗ ಬಾಯಿ ಉರಿದರೆ, ಕೆನ್ನೆ ಒಳಗೆ ಬಿಳಿ ಪಟ್ಟಿ ಕಂಡರೆ ಈ ವಾರವೇ ದಂತವೈದ್ಯರಿಗೆ ತೋರಿಸಿ. ಬಿಡುವಾಗ ದಿನಕ್ಕೆ ಎಷ್ಟು ಸಲ ಎಂದು ಬರೆದಿಟ್ಟುಕೊಂಡು, ವಾರಕ್ಕೆ ಒಂದು ಹೊತ್ತಿನ ಕವಳ ಕಡಿಮೆ ಮಾಡುತ್ತಾ ಬನ್ನಿ. ಊಟವಾದ ಮೇಲಿನದ್ದನ್ನು ಕೊನೆಗೆ ಬಿಡಿ. ಅದೇ ಎಲ್ಲಕ್ಕಿಂತ ಗಟ್ಟಿ. ಮನೆಯವರಿಗೆ ಮೊದಲೇ ಹೇಳಿಡಿ, ಎರಡು ವಾರ ಸಹಿಸಿಕೊಳ್ಳಿ ಅಂತ.

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ. ರಾತ್ರಿ ಒಂದರವರೆಗೂ ರೀಲ್ಸ್ ನೋಡುತ್ತಾನೆ, ಬೆಳಿಗ್ಗೆ ಎಬ್ಬಿಸಿದರೆ ಜಗಳ. ಮೆದುಳಲ್ಲಿ ಡೋಪಮೈನ್ ಜಾಸ್ತಿಯಾಗಿದೆ, ಡೋಪಮೈನ್ ಡಿಟಾಕ್ಸ್ ಮಾಡಿಸಿ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಇದಕ್ಕೆ ಆಸ್ಪತ್ರೆ ಇದೆಯಾ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ಡೋಪಮೈನ್ ಮೈಯಲ್ಲಿ ಸೇರಿಕೊಂಡ ವಿಷವಲ್ಲ, ತೊಳೆದು ತೆಗೆಯಲು. ಅದಿಲ್ಲದೆ ನಿಮ್ಮ ಮಗ ಹಾಸಿಗೆಯಿಂದ ಏಳಲೂ ಆಗುವುದಿಲ್ಲ. ಮೇಲಿನ ಮೊಲಗಳ ಕತೆ ಓದಿ. ಹಾಗಾಗಿ ದುಡ್ಡು ಕೊಟ್ಟು ಡಿಟಾಕ್ಸ್ ಮಾಡಿಸಬೇಡಿ.

ಡೋಪಮೈನ್ ಅಂದರೆ ಸುಖದ ರಾಸಾಯನಿಕ ಎಂದು ಎಲ್ಲರೂ ಬರೆಯುತ್ತಾರೆ. ಅದು ಸರಿಯಲ್ಲ. ಡೋಪಮೈನ್ ಇಲ್ಲದ ಹಾಗೆ ಮಾಡಿದ ಇಲಿಗಳು ತಿಂಡಿಯ ಹತ್ತಿರ ಹೋಗುವುದಿಲ್ಲ, ಹಸಿದು ಸಾಯುತ್ತವೆ. ಆದರೆ ಅವುಗಳ ಬಾಯಿಗೆ ಸಕ್ಕರೆ ನೀರು ಹನಿಸಿದರೆ ತುಟಿ ಚಪ್ಪರಿಸುತ್ತವೆ. ರುಚಿ ಗೊತ್ತಾಗುತ್ತದೆ, ಬೇಕು ಅನ್ನಿಸುವುದು ಮಾತ್ರ ಹೋಗಿರುತ್ತದೆ. ಇನ್ನೊಂದು ಪ್ರಯೋಗ ಸ್ವಿಟ್ಜರ್ಲೆಂಡಿನಲ್ಲಿ ವುಲ್ಫ್‌ರಾಮ್ ಶುಲ್ಟ್ಸ್ ಮಾಡಿದ್ದು. ಕೋತಿಗೆ ಹಣ್ಣಿನ ರಸದ ಹನಿ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮೈನ್ ಕೋಶಗಳು ಚುರುಕಾದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿ ಕಲಿತ ಮೇಲೆ, ಕೋಶಗಳು ದೀಪ ಕಂಡಾಗಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿ ರಸ ಬರದಿದ್ದರೆ ಮಂಕಾದವು.

ಈಗ ರೀಲ್ಸ್ ನೋಡಿ. ಹತ್ತು ವಿಡಿಯೋದಲ್ಲಿ ಒಂದು ಚೆನ್ನಾಗಿರುತ್ತದೆ. ಅದು ಎಷ್ಟನೆಯದು ಎಂದು ಗೊತ್ತಿಲ್ಲ. ಬೆರಳು ಅದಕ್ಕೇ ಮೇಲೆ ತಳ್ಳುತ್ತಲೇ ಇರುತ್ತದೆ. ‘ಅಷ್ಟು ಹೊತ್ತು ನೋಡಿದೆಯಲ್ಲ, ಖುಷಿಯಾಯ್ತಾ?’ ಎಂದು ಜಗಳವಾಡದೆ ಕೇಳಿ. ಹೆಚ್ಚಿನ ಮಕ್ಕಳು ಇಲ್ಲ ಎಂದೇ ಹೇಳುತ್ತಾರೆ.

ತಡವಾಗಿ ಮಲಗುವುದರಲ್ಲಿ ಸ್ವಲ್ಪ ಪಾಲು ವಯಸ್ಸಿನದು. ನಿದ್ದೆ ತರುವ ಮೆಲಟೋನಿನ್ ಹದಿಹರೆಯದಲ್ಲಿ ರಾತ್ರಿ ತಡವಾಗಿಯೇ ಏರುತ್ತದೆ. ಹಾಗೇ, ‘ಸಾಕು, ನಿಲ್ಲಿಸು’ ಎಂದು ಹೇಳುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಕೆಲವು ವರ್ಷ ಬೇಕು. ಅವನ ಮೆದುಳಿನಲ್ಲಿ ಇನ್ನೂ ಪೂರ್ತಿ ಇಲ್ಲದ ಬ್ರೇಕನ್ನು ಮನೆಯವರು ಸ್ವಲ್ಪ ದಿನ ಹಿಡಿಯಬೇಕು. ರಾತ್ರಿ ಹತ್ತೂವರೆಗೆ ಎಲ್ಲರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಎಲ್ಲರದ್ದೂ, ಅಪ್ಪನದ್ದೂ ಸೇರಿ. ಅಲಾರಂಗೆ ಒಂದು ಗಡಿಯಾರ ತಂದುಕೊಡಿ.

ಪ್ರಶ್ನೆ: ನನಗೆ 27. ಖಿನ್ನತೆಗೆ ಮಾತ್ರೆ ಶುರು ಮಾಡಿ ಹತ್ತು ದಿನ ಆಯಿತು. ಹೊಟ್ಟೆ ತೊಳಸುವುದು ಬಿಟ್ಟರೆ ಏನೂ ಬದಲಾಗಿಲ್ಲ. ಬಿಟ್ಟುಬಿಡಲಾ? ಸೆರೊಟೋನಿನ್ ಎಷ್ಟಿದೆ ಅಂತ ರಕ್ತ ಪರೀಕ್ಷೆ ಮಾಡಿಸಲಾ?
ಕಲಬುರಗಿ

ಉತ್ತರ: ಬಿಡಬೇಡಿ. ಪರೀಕ್ಷೆಗೆ ದುಡ್ಡು ಹಾಕಬೇಡಿ. ಸೆರೊಟೋನಿನ್ ಕೂಡ ಡೋಪಮೈನ್ ಹಾಗೆ ನರಗಳ ಒಂದು ದೂತ. ಮೈಯಲ್ಲಿರುವ ಸೆರೊಟೋನಿನ್‌ನಲ್ಲಿ 100ಕ್ಕೆ ಸುಮಾರು 90 ಪಾಲು ಕರುಳಿನಲ್ಲಿದೆ. ರಕ್ತದಲ್ಲಿ ಸಿಗುವುದು ಕರುಳಿನಿಂದ ಬಂದದ್ದು, ಅದು ಮೆದುಳಿಗೆ ದಾಟುವುದೇ ಇಲ್ಲ. ರಕ್ತ ನೋಡಿ ಮನಸ್ಸಿನ ಲೆಕ್ಕ ಸಿಗುವುದಿಲ್ಲ. ನಿಮ್ಮ ಹೊಟ್ಟೆ ಮೊದಲು ತೊಳಸಿದ್ದೂ ಅದಕ್ಕೇ. ಹೆಚ್ಚಿನವರಿಗೆ ಅದು ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಊಟವಾದ ಮೇಲೆ ತಗೊಳ್ಳಿ.

ಈ ಮಾತ್ರೆಗಳು ನರಗಳ ಸಂದಿನಲ್ಲಿ ಸೆರೊಟೋನಿನ್ ಏರಿಸಲು ಕೆಲವು ಗಂಟೆ ಸಾಕು. ಆದರೆ ಮನಸ್ಸು ಹಗುರವಾಗಲು ಎರಡರಿಂದ ಆರು ವಾರ ಬೇಕು. ಸೆರೊಟೋನಿನ್ ಕಮ್ಮಿ, ತುಂಬಿದರೆ ಸರಿ ಎನ್ನುವಷ್ಟು ಸುಲಭ ಆಗಿದ್ದರೆ ಮೊದಲ ದಿನವೇ ಗುಣವಾಗಬೇಕಿತ್ತು, ಅಲ್ವಾ? ಹೊಸ ಪರಿಸ್ಥಿತಿಗೆ ನರಕೋಶಗಳು ತಮ್ಮ ಬೀಗಗಳನ್ನೂ ಕೊಂಡಿಗಳನ್ನೂ ಬದಲಿಸಿಕೊಳ್ಳಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ಶುರುವಿನ ವಾರಗಳಲ್ಲಿ ಕೆಲವರಿಗೆ, ಅದರಲ್ಲೂ 25ರ ಒಳಗಿನವರಿಗೆ, ಚಡಪಡಿಕೆ ಜಾಸ್ತಿಯಾಗಬಹುದು, ಸಾಯುವ ಯೋಚನೆ ಬರಬಹುದು. ನಿಮಗೆ 27 ಆದರೂ ಮನೆಯಲ್ಲಿ ಒಬ್ಬರಿಗೆ ಹೇಳಿಡಿ. ಹಾಗೆ ಏನಾದರೂ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆ ಕ್ಷಣವೇ ಡಾಕ್ಟರಿಗೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನಮ್ಮತ್ತೆಗೆ 57. ತುಂಬಾ ಶಿಸ್ತಿನವರು, ಮೆಲು ಮಾತಿನವರು. ಎರಡು ವರ್ಷದಿಂದ ಬೇರೆಯವರೇ ಆಗಿದ್ದಾರೆ. ಮದುವೆ ಮನೆಯಲ್ಲಿ ಪಕ್ಕದವರ ಎಲೆಯಿಂದ ಜಿಲೇಬಿ ತೆಗೆದು ತಿಂದರು. ಸಾವಿನ ಮನೆಯಲ್ಲಿ ನಕ್ಕರು. ಮಾವನಿಗೆ ಜ್ವರ ಬಂದು ಮಲಗಿದರೂ ಕೇಳಲಿಲ್ಲ. ಮರೆವು ಇಲ್ಲ, ಎಲ್ಲರ ಹೆಸರೂ ನೆನಪಿದೆ. ಸೊಸೆ ಬಂದ ಮೇಲೆ ಹೀಗಾದರು ಅಂತ ನನ್ನ ಮೇಲೆ ಮಾತು ಬರುತ್ತಿದೆ.
ಮೈಸೂರು

ಉತ್ತರ: ನಿಮ್ಮಿಂದ ಆದದ್ದಲ್ಲ. ಅತ್ತೆಯವರನ್ನು ನರರೋಗ ತಜ್ಞರಿಗೆ ತೋರಿಸಿ, ತಡ ಮಾಡಬೇಡಿ. ಮರೆವು ಇಲ್ಲದೆ ಬರೀ ನಡವಳಿಕೆ ಬದಲಾಗುವ ಒಂದು ಕಾಯಿಲೆ ಇದೆ, ಫ್ರಂಟೋಟೆಂಪೊರಲ್ ಡಿಮೆನ್ಷಿಯಾ. ಹೆಚ್ಚಾಗಿ 45ರಿಂದ 65ರ ನಡುವೆ ಶುರುವಾಗುತ್ತದೆ. ಪ್ರಾಗ್ ನಗರದ ಆರ್ನಾಲ್ಡ್ ಪಿಕ್ 1892ರಲ್ಲಿ ಇದರ ಮೊದಲ ವಿವರ ಬರೆದರು. ಹಣೆಯ ಹಿಂದಿನ ಮತ್ತು ಕಿವಿಯ ಬದಿಯ ಭಾಗಗಳು ಸವೆಯುತ್ತವೆ. ಮರ್ಯಾದೆ, ಸಂಕೋಚ, ಇನ್ನೊಬ್ಬರ ನೋವು ತಿಳಿಯುವುದು, ಇವೆಲ್ಲ ಇರುವುದೇ ಅಲ್ಲಿ. ಸಿಹಿಯ ಆಸೆ ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ. ಆ ಜಿಲೇಬಿ ಓದಿದ ಕೂಡಲೇ ನನಗೆ ಅನುಮಾನ ಬಂತು.

ಇದೇ ಅಂತ ಪತ್ರ ನೋಡಿ ಹೇಳಲು ಬರುವುದಿಲ್ಲ. ಥೈರಾಯ್ಡ್, ಬಿ12, ಖಿನ್ನತೆ, ತಲೆಯಲ್ಲಿ ಗಡ್ಡೆ, ಯಾವುದರಿಂದಲೂ ಹೀಗಾಗಬಹುದು. ಅವುಗಳಲ್ಲಿ ಕೆಲವು ಪೂರ್ತಿ ಗುಣವಾಗುತ್ತವೆ. ರಕ್ತ ಪರೀಕ್ಷೆ, ಎಂಆರ್‌ಐ ಮಾಡಿಸಬೇಕಾಗುತ್ತದೆ. ಹೋಗುವಾಗ ಎರಡು ವರ್ಷದಲ್ಲಿ ಏನೇನು ನಡೆಯಿತು ಎಂದು ಮಾವ ಬರೆದುಕೊಡಲಿ. ನಿಮ್ಮ ಹೆಸರು ಹೇಳುವವರಿಗೆ ಮಾವನೇ ಉತ್ತರ ಹೇಳಲಿ.

ಪ್ರಶ್ನೆ: ಮೆದುಳನ್ನು ಮುಟ್ಟಿದರೆ ನೋವಾಗುತ್ತದಾ ಮೇಡಂ? ನೀವು ಮುಟ್ಟಿದ್ದೀರಾ?
8ನೇ ತರಗತಿ ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ನೋವಾಗುವುದಿಲ್ಲ ಮಗಳೇ. ಮೈಯ ಎಲ್ಲ ಕಡೆಯ ನೋವೂ ಗೊತ್ತಾಗುವುದು ಮೆದುಳಿನಿಂದ, ಆದರೆ ನೋವನ್ನು ಗುರುತಿಸುವ ತಂತುಗಳು ಅದರೊಳಗೇ ಇಲ್ಲ. ಅದಕ್ಕೇ ಕೆಲವು ಆಪರೇಷನ್‌ಗಳಲ್ಲಿ ರೋಗಿಯನ್ನು ಎಚ್ಚರ ಇಟ್ಟು, ಮಾತಾಡಿಸುತ್ತಲೇ ಮಾಡುತ್ತಾರೆ. ತಲೆಯ ಚರ್ಮಕ್ಕೂ ಮೆದುಳಿನ ಹೊರಪೊರೆಗೂ ಮರಗಟ್ಟಿಸುವ ಔಷಧಿ ಬೇಕು.

ನಾನು ಮುಟ್ಟಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಅಲ್ಲಿ ನೀನೂ ಕೈಯಲ್ಲಿ ಹಿಡಿಯಬಹುದು. ಯಾವ ದಿನ ಬಿಡುತ್ತಾರೆ ಅಂತ ನಿಮ್ಮ ಮೇಷ್ಟ್ರು ಮೊದಲೇ ಫೋನ್ ಮಾಡಿ ಕೇಳಲಿ. ತೂಕ ಒಂದೂಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಔಷಧಿಯಲ್ಲಿ ಇಟ್ಟಿರುವುದರಿಂದ ತಣ್ಣಗೆ, ಗಟ್ಟಿಯಾಗಿ ಇರುತ್ತದೆ. ಜೀವ ಇರುವ ಮೆದುಳು ಹಾಗಲ್ಲ. ಹಸು ಕರು ಹಾಕಿದಾಗ ಮನೆಯಲ್ಲಿ ಗಿಣ್ಣು ಮಾಡುತ್ತಾರಲ್ಲ, ಅದನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಒತ್ತಿ ನೋಡು. ಅಷ್ಟು ಮೆತ್ತಗೆ ಇರುತ್ತದೆ.